ಕೊಲಂಬಿನಾಳ ಮಚ್ಚೆ

ಗೂಡಿನಲ್ಲಿ ಬೆಂದು ಬಂದ ಪಿಂಗಾಣಿ ಗೊಂಬೆಗಳನ್ನು ಮೆನೆಗೊ ಮೇಜಿನ ಮೇಲೆ ಜೋಡಿಸಿದ. ಜಿಪುಣ ಮುದುಕ ಪಂತಲೋನೆ, ಮುಖವಾಡದ ವಿದೂಷಕ ಅರ್ಲೆಕ್ಕಿನೊ, ತುಂಟ ದಾಸಿ ಕೊಲಂಬಿನಾ, ಎಲ್ಲ ವೆನಿಸ್ಸಿನ ಬೀದಿ ನಾಟಕದವರೇ. ಕೊಲಂಬಿನಾಳನ್ನು ಮಾತ್ರ ಬೆನ್ನು ಕಾಣುವಂತೆ ತಿರುಗಿಸಿಟ್ಟ.

ಅವಳನ್ನು ಅವನು ತಿದ್ದಿದ್ದು ತನ್ನ ಹೆಂಡತಿ ಕತೀನಳನ್ನೇ ನೋಡಿ. ಅದು ಊರಿಗೆಲ್ಲ ಗೊತ್ತು. ಊರಿಗೆ ಗೊತ್ತಿಲ್ಲದ್ದು, ಕತೀನಳ ಬಲ ಹೆಗಲ ಹಿಂದೆ ಉಡುಪಿನ ಮರೆಯಲ್ಲಿರುವ ಕರಿ ಮಚ್ಚೆ. ಮೆನೆಗೊ ಬೇಕೆಂದೇ, ಯಾರಿಗೂ ಹೇಳದೆ, ಗೊಂಬೆಯ ತೆರೆದ ಎಡ ಹೆಗಲ ಹಿಂದೆ ಮಚ್ಚೆ ಇಟ್ಟಿದ್ದ. ಕತೀನಳ ಬರಿ ಬೆನ್ನು ಕಂಡವನಾದರೆ ತಪ್ಪು ನೋಡಿ ಬೆಚ್ಚಲೇಬೇಕು, ಇದು ಅವನ ಲೆಕ್ಕ. ಸಂಶಯ ಅರ್ಲೆಕ್ಕಿನೊ ಪಾತ್ರ ಮಾಡುವ ನಟ ಜೋರ್ಜಿಯ ಮೇಲೆ. "ನಿನ್ನವಳು ದಿನಾ ನಾಟಕ ನಾಟಕ ಅಂತ ಓಡ್ತಾಳೆ. ಹುಷಾರು ಕಣೋ," ಎಂದು ಗೊಂಬೆಗಳಿಗೆ ಬಣ್ಣ ಹಾಕುವ ಗೆಳೆಯ ಬಸ್ತಿಯಾನ್ ಕಿವಿಯೂದಿದ್ದ. ಅಂದಿನಿಂದ ಮೆನೆಗೊನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹೆಂಡತಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ.

ಹೇಳಿಕಳಿಸಿದಂತೆ ಜೋರ್ಜಿ ಬಂದ. ತನ್ನ ಪಾತ್ರದ ಗೊಂಬೆಯನ್ನು ಎತ್ತಿ ನೋಡಿ, "ಯಜಮಾನ್ರೇ, ನನಗಿಷ್ಟು ಹೊಟ್ಟೆ ಎಲ್ಲಿದೆ? ಊಟ ಹಾಕಿದೋರ್ಯಾರು, ನೀವಾ?" ಎಂದು ನಗಾಡಿದ.

"ಅದಿರಲಿ, ಇವಳನ್ನ ನೋಡು." ಮೆನೆಗೊ ಕೊಲಂಬಿನಾಳನ್ನು ಮುಂದೆ ತಳ್ಳಿ, ಅವನ ಕಣ್ಣನ್ನೇ ದಿಟ್ಟಿಸಿದ.

ಜೋರ್ಜಿ ಬಗ್ಗಿದ. ಟೊಪ್ಪಿ ತೆಗೆದು, "ಹುಶ್! ಹುಶ್! ನೊಣ ಕೂತಿದೆ!" ಎಂದು ಬೀಸಿದ. ಬೆರಳಿಂದ ಉಜ್ಜಿಯೂ ನೋಡಿದ. "ಹೋಗಲ್ಲ ಅಂತದಲ್ಲ! ಗೂಡಿನ ಮಸಿ ಇರ್ಬೇಕು, ಯಜಮಾನ್ರೇ."

ಮೆನೆಗೊನ ಎದೆಯ ಭಾರವೆಲ್ಲ ಇಳಿಯಿತು. ಅಯ್ಯೋ, ಇವನಿಗೇನೂ ಗೊತ್ತಿಲ್ಲ! ಸುಮ್ಮಸುಮ್ಮನೆ ಎಂಥ ಪಾಪ ಕಟ್ಟಿಕೊಂಡೆ! ಸಂಜೆ ಕತೀನಳಿಗೆ ಇಷ್ಟದ ಹುರಿದ ಮೀನು ಒಯ್ಯಬೇಕು, ಅವಳ ಜೊತೆ ತಾನೂ ನಾಟಕಕ್ಕೆ ಹೋಗಬೇಕು ಅಂದುಕೊಂಡ.

ಒಳಗಿನಿಂದ ಕುಂಚ ಒರೆಸುತ್ತ ಬಂದ ಬಸ್ತಿಯಾನ್ ನೊಣದ ಮಾತು ಕೇಳಿ ನಕ್ಕ. ಗೊಂಬೆಯನ್ನು ಎತ್ತಿ ಬೆಳಕಿಗೆ ಹಿಡಿದ.

"ನೊಣಾನೂ ಅಲ್ಲ, ಮಸಿನೂ ಅಲ್ಲ ಕಣಯ್ಯ, ಮಚ್ಚೆ! ಲೋ ಮೆನೆಗೊ, ನಿನಗೆ ಕುಂಚ ಮುಟ್ಟು ಅಂದೋರ್ಯಾರು? ಎಡಕ್ಕೆ ಇಟ್ಟಿದ್ದೀಯಲ್ಲೋ. ಬಲಕ್ಕಲ್ವಾ ಇರೋದು..."

ಕುಂಚ ಒರೆಸುತ್ತಿದ್ದ ಬಟ್ಟೆ ಅವನ ಕೈಯಿಂದ ಜಾರಿತು. ಮೆನೆಗೊ ಬಸ್ತಿಯಾನನನ್ನು ನೋಡಿದ. ಜೋರ್ಜಿ ಇಬ್ಬರನ್ನೂ ನೋಡಿದ. ರಂಗದ ಮೇಲೆ ಯಾರು ಎಲ್ಲಿ ಮಾತು ಬಿಟ್ಟರೂ ಅಲ್ಲಿಂದಲೇ ಎತ್ತಿಕೊಂಡು ಜನರನ್ನು ನಗಿಸುವ ಅವನು, ಆಗ ಟೊಪ್ಪಿ ತಲೆಗಿಟ್ಟುಕೊಂಡು ಮೆಲ್ಲಗೆ ಬಾಗಿಲ ಕಡೆ ಸರಿದ.