ರಾಕ್ಷಸನಿಗೆ ಬಡಿದ ಎ.ಸಿ. ಗಾಳಿ

ನಂಬದವರ ಗಂಟಲು ಕಟ್ಟಲಿ, ಇದು ನಡೆದ ಸಂಗತಿ. ಫಿರೋಜನ ಬಾಡಿಗೆ ಕಾರು ಕೊಟ್ಟೂರು ದಾಟುವ ಮೊದಲೇ ಮುಂದಿನ ಸೀಟಿನಲ್ಲಿದ್ದ ಕಿರಾಣಿ ಅಂಗಡಿಯ ಉಜ್ಜಿನಪ್ಪನವರು ಎರಡೂ ಅಂಗೈಗಳನ್ನು ಎ.ಸಿ. ಕಿಂಡಿಗೆ ಅಡ್ಡ ಹಿಡಿದು, ಎದುರಿಗೆ ಯಾರೋ ಬಂದೂಕು ಚಾಚಿದ್ದಾರೇನೋ ಎಂಬಂತೆ ಕುಳಿತುಬಿಟ್ಟಿದ್ದರು. ಅಂದು ನೀಲಗುಂದದಲ್ಲಿ ಬಯಲಾಟ. ಅವರದು ರಾಕ್ಷಸರಾಜನ ಪಾತ್ರ. ಮಾತು ಕಡಿಮೆ, ನಗುವೇ ಹೆಚ್ಚು. ಆ ಅಟ್ಟಹಾಸ ಕಟ್ಟಕಡೆಯಲ್ಲಿ ನಿಂತವರ ಎದೆಗೂ ಗುದ್ದಬೇಕು. ಗಂಟಲು ಉಳಿಸಿಕೊಳ್ಳಲೆಂದು ಅವರು ಒಂದು ವಾರದಿಂದ ಮೌನದಲ್ಲಿದ್ದರು. ಅಂಗಡಿಯಲ್ಲಿ ಬೆಲ್ಲದ ದರವನ್ನೂ ಬೆರಳಿನಲ್ಲೇ ಹೇಳುತ್ತಿದ್ದರು. ಬಾಯಲ್ಲಿ ಜ್ಯೇಷ್ಠಮಧುವಿನ ತುಂಡು, ಕೊರಳಿಗೆ ಮಫ್ಲರ್, ಈಗ ತಲೆಗೆ ಮಂಕಿ ಟೋಪಿ ಬೇರೆ.

"ಬಂದ್ ಮಾಡೋ ಮಾರಾಯಾ," ಎಂದು ಪಿಸುಗುಟ್ಟಿದರು. "ಗಂಟ್ಲು ಹಿಡೀತೈತಿ."

"ಬಂದ್ ಮಾಡಿದ್ರ ನಾನು ಇಲ್ಲೇ ಇಳೀತೀನಿ ನೋಡು ಫಿರೋಜ," ಎಂದರು ಹಿಂದೆ ಕುಳಿತ ಅವರ ಹೆಂಡತಿ ನಾಗಲಿಂಗಮ್ಮ. "ಕಾರಿನ ವಾಸನಿಗಿ ಹೊಟ್ಟಿ ತೊಳಸ್ತೈತಿ. ಮೊದ್ಲೇ ಒಂದು ವಾರದಿಂದ ಮನ್ಯಾಗ ಇವರ ಮೂಕನಾಟಕ. ನೀರು ಬೇಕೇನ್ರಿ ಅಂದ್ರ ಹೆಬ್ಬೆರಳು ಎತ್ತತಾರ, ಊಟಕ್ಕ ಬರ್ರಿ ಅಂದ್ರ ಹುಬ್ಬು!"

ಫಿರೋಜ ಎಡಗಡೆಯ ಕಿಂಡಿಯನ್ನು ಮುಚ್ಚಿದ. ಉಜ್ಜಿನಪ್ಪನವರು ಮೊಣಕಾಲು ತೋರಿಸಿದರು. ನಡುವಿನ ಕಿಂಡಿಯನ್ನು ಮೇಲಕ್ಕೆ ತಿರುಗಿಸಿದ. ಕಿವಿ ತೋರಿಸಿದರು. ಹಿಂದಕ್ಕೆ ತಿರುಗಿಸಿದ. "ಟೋಪಿ ಸಂದ್ಯಾಗಿಂದ ಒಳಗ ಹೋಗಾಕತ್ತೈತಿ," ಎಂದು ಮತ್ತೆ ಪಿಸುಮಾತು.

"ಉಜ್ಜಿನಪ್ಪಾರ, ಗಾಳಿ ಎಲ್ಲಿಗಿ ಹೋಗ್ಬೇಕು ಅಂತ ಅಡ್ರೆಸ್ ಬರ್ದುಕೊಡ್ರಿ. ಅಲ್ಲಿಗೇ ಕಳಸ್ತೀನಿ," ಎಂದ ಫಿರೋಜ, ಸದ್ದಿಲ್ಲದೆ ಎ.ಸಿ. ಗುಂಡಿಯನ್ನೇ ಆರಿಸಿದ. ಫ್ಯಾನು ಮಾತ್ರ ಭರ್ರೆನ್ನುತ್ತಲೇ ಇತ್ತು. ನಾಗಲಿಂಗಮ್ಮನವರ ಪಕ್ಕದ ಗಾಜನ್ನು ಎರಡು ಬೆರಳಷ್ಟು ಇಳಿಸಿ, ಕನ್ನಡಿಯಲ್ಲಿ ಅವರಿಗೆ ಆರಿದ ಗುಂಡಿಯನ್ನು ಕಣ್ಣಲ್ಲೇ ತೋರಿಸಿದ. ಹೊಲದ ಗಾಳಿ ಮುಖಕ್ಕೆ ಬಡಿದದ್ದೇ ಅವರಿಗೆ ಎಲ್ಲ ತಿಳಿಯಿತು. ನಗು ತಡೆಯಲು ಸೆರಗು ಬಾಯಿಗೆ ಹೋಯಿತು.

"ಫಿರೋಜ, ಇನ್ನೊಂದೀಟು ಜೋರು ಇಡಪಾ. ಐಸಿನ ಪೆಟ್ಟಿಗ್ಯಾಗ ಕುಂತಂಗ ಆಗ್ಲಿ."

"ಇಟ್ಟೆ ನೋಡ್ರಿ ಅಮ್ಮಾರ!" ಫಿರೋಜ ಕಿಂಡಿಯನ್ನು ಟಕ್ಕೆಂದು ತಿರುಗಿಸಿದ. ಉಜ್ಜಿನಪ್ಪನವರ ಹಲ್ಲು ಕಟಕಟ ಎಂದಿತು. ಮಂಕಿ ಟೋಪಿಯೊಳಗಿಂದ ಬೆವರು ಇಳಿದು ಹಣೆಯ ವಿಭೂತಿ ಮೂಗಿನವರೆಗೆ ಕರಗಿ ಬಂದಿತ್ತು. ಆದರೂ ಅವರು ನಡುಗುತ್ತಿದ್ದರು. ಹರಪನಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ "ಸಕ್ಕರಿ ಕಡಿಮಿ" ಎನ್ನಲು ಬಾಯಿ ತೆರೆದರೆ "ಕ್ರ್" ಎಂದಷ್ಟೇ ಬಂತು. ಫಿರೋಜ ಮರೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕ.

ನೀಲಗುಂದದಲ್ಲಿ ನಗು ನಿಂತಿತು. ಬಯಲಾಟ ಕಲಿಸಿದ ಮೇಷ್ಟ್ರು ಓಬಳೇಶ ಕಾರಿನ ಹತ್ತಿರವೇ ಬಂದು, "ಬರ್ರಿ ರಾಕ್ಷಸರಾಜಾ, ಎಲ್ಲಿ, ಒಮ್ಮಿ ನಗ್ರಿ ನೋಡೋಣು," ಎಂದರು. ಉಜ್ಜಿನಪ್ಪನವರು ಕಾರಿನಿಂದ ಇಳಿದು, ಎದೆ ಉಬ್ಬಿಸಿ ನಕ್ಕರು. ಪಂಕ್ಚರಾದ ಟ್ಯೂಬಿನಿಂದ ಗಾಳಿ ಹೋದಂತಾಯಿತು. ಇನ್ನೊಮ್ಮೆ ಪ್ರಯತ್ನಿಸಿದರು. ಅದೂ ಬರಲಿಲ್ಲ.

"ಇದು ರಾಕ್ಷಸ ಅಲ್ರಿ, ನೆಗಡಿ ಬಂದ ಬೆಕ್ಕು," ಎಂದರು ಓಬಳೇಶ ಮೇಷ್ಟ್ರು. "ನಾ ಏನು ಮಾಡ್ಲಿ? ಊರಿಗೆ ಊರೇ ಬರ್ತೈತಿ. ಬೊಮ್ಮಪ್ಪಾ, ನೀ ತಾಳ ಕೆಳಗಿಟ್ಟು ಬಾ, ಕಿರೀಟ ನಿನ್ನ ತಲಿಗೆ ಆಗ್ತೈತೇನು ನೋಡು. ಉಜ್ಜಿನಪ್ಪಾರು ಹಿಂದ ಕುಂತು ತಾಳ ಹಾಕ್ಲಿ."

ಉಜ್ಜಿನಪ್ಪನವರು ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡರು. ನಾಗಲಿಂಗಮ್ಮನವರ ಮುಖ ಸಣ್ಣದಾಯಿತು. ಹಿಂದಿನಿಂದಲೇ ಫಿರೋಜನ ಭುಜ ತಿವಿದರು: "ಹೇಳೋ. ಲಗೂ ಹೇಳು."

"ತಪ್ಪಾತ್ರಿ ಉಜ್ಜಿನಪ್ಪಾರ," ಎಂದ ಫಿರೋಜ ಕಾರಿನ ಬಾಗಿಲಿಗೆ ಸರಿದು ನಿಂತು. "ಎ.ಸಿ. ಕೊಟ್ಟೂರು ದಾಟೂದಕ್ಕ ಮೊದ್ಲೇ ಬಂದ್ ಮಾಡೀನ್ರಿ. ದಾರಿ ತುಂಬಾ ಬಂದಿದ್ದು ಬರೀ ಫ್ಯಾನಿನ ಗಾಳಿ. ಥಂಡಿ ಅನ್ನೋದು ಕಾರಿನ್ಯಾಗ ಇದ್ದೇ ಇಲ್ರಿ."

ಉಜ್ಜಿನಪ್ಪನವರು ಟೋಪಿ ಕಿತ್ತರು. ಮಫ್ಲರ್ ಕಿತ್ತರು. ಅಂಗಿ ಮುಟ್ಟಿ ನೋಡಿಕೊಂಡರು. ಹಿಂಡಿದರೆ ಒಂದು ತಂಬಿಗೆ ತುಂಬುವಷ್ಟು ಬೆವರು. ಕಿಂಡಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ನಿನಗೂ ಗೊತ್ತಿತ್ತೇನ?" ಎಂಬುದು ಪಿಸುಮಾತಾಗಿ ಹೊರಟು, ಕೊನೆಗೆ ಬರುವಷ್ಟರಲ್ಲಿ ಗುಡುಗಾಗಿತ್ತು. "ಲೇ ಫಿರೋಜಾ!"

ಬೇವಿನ ಮರಕ್ಕೆ ಕಟ್ಟಿದ್ದ ಮೇಕೆಗಳು ಹಗ್ಗ ಜಗ್ಗಿದವು. "ಬಾಯಿ ಬಂತು ನಮ್ಮ ಮನಿಯವರಿಗಿ!" ಎಂದು ನಾಗಲಿಂಗಮ್ಮ ಚಪ್ಪಾಳೆ ತಟ್ಟಿದರು. ಮೊದಲು ನಕ್ಕವರು ಅವರು, ಆಮೇಲೆ ಫಿರೋಜ, ಆಮೇಲೆ ಮೇಷ್ಟ್ರು. ಈ ಮೂವರ ನಗುವನ್ನೂ ಮುಳುಗಿಸುವಂತೆ ಉಜ್ಜಿನಪ್ಪನವರ ಹೊಟ್ಟೆಯಿಂದ ಒಂದು ನಗು ಎದ್ದಿತು. ಕಾರಿನ ಗಾಜು ಝಣ್ಣೆಂದಿತು. ಅಷ್ಟರಲ್ಲಿ ಕಿರೀಟ ಇಟ್ಟುಕೊಂಡು ಕನ್ನಡಿ ಹುಡುಕುತ್ತಿದ್ದ ಬೊಮ್ಮಪ್ಪ, ಯಾರೂ ಕೇಳದಿದ್ದರೂ, ಅದನ್ನು ತಲೆಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾರಿನ ಕಡೆಗೆ ನಡೆದು ಬಂದ.