ಸೀಟಿನ ಜೊತೆ ಬಂದ ಅವ್ವ

ಪದವಿಯ ನಡುವೆ ವಿಶ್ವವಿದ್ಯಾಲಯ ಬದಲಿಸುವವರು ತಮ್ಮೊಡನೆ ಅದಲುಬದಲಾಗಲು ಒಪ್ಪುವ ಇನ್ನೊಬ್ಬ ವಿದ್ಯಾರ್ಥಿಯನ್ನು ತಾವೇ ಹುಡುಕಿಕೊಳ್ಳಬೇಕು. ಹಾಜರಾತಿ, ಹಾಸ್ಟೆಲ್ಲಿನ ಮಂಚ, ಮನೆಯವರು, ಎಲ್ಲವೂ ಸೀಟಿಗೆ ಸೇರಿದವು. ಸೀಟಿನ ಜೊತೆಗೇ ಉಳಿಯುತ್ತವೆ.

ಮಂಗಳೂರಿನ ಸುಗಂಧಿಗೆ ಭೂವಿಜ್ಞಾನ ಓದಬೇಕಿತ್ತು. ಧಾರವಾಡದಲ್ಲಿ ಅದನ್ನೇ ಓದುತ್ತಿದ್ದ ಕಸ್ತೂರಿಗೆ ಅದು ಬೇಡವಾಗಿತ್ತು. ಇಬ್ಬರೂ ಯಲ್ಲಾಪುರದ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕೂತು ಫಾರಂಗಳಿಗೆ ಸಹಿ ಮಾಡಿ, ಫೋನುಗಳನ್ನು ಬದಲಿಸಿಕೊಂಡರು.

"ನನ್ನ ಅಮ್ಮ ಹೆಚ್ಚು ಮಾತಾಡುದಿಲ್ಲ," ಎಂದಳು ಸುಗಂಧಿ. "ತಲೆಗೆ ಎಣ್ಣೆ ಹಾಕಿದ್ಯಾ ಅಂತ ಮಾತ್ರ ಕೇಳುದು. ಹೌದು ಅಂದ್ರೆ ಸಾಕು."

"ನಮ್ಮವ್ವ ಐತವಾರ ಫೋನ್ ಮಾಡ್ತಾಳ. ರೊಟ್ಟಿ ಉಂಡೀನಿ ಅನ್ನು. ಇಡ್ಲಿ ಅಂದ್ರ ಅದು ಊಟ ಅಲ್ಲ ಅಂತಾಳ," ಎಂದು ಕಸ್ತೂರಿ ತನ್ನ ಬಸ್ಸಿನತ್ತ ಎದ್ದಳು.

ಭಾನುವಾರ ಬೆಳಿಗ್ಗೆ ಧಾರವಾಡದ ಹಾಸ್ಟೆಲ್ಲಿನಲ್ಲಿ ಫೋನ್ ರಿಂಗಾಯಿತು.

"ಅವ್ವಾ, ರೊಟ್ಟಿ ಉಂಡೀನಿ," ಎಂದಳು ಸುಗಂಧಿ, ಅಭ್ಯಾಸ ಮಾಡಿಕೊಂಡಿದ್ದಂತೆ.

ಆ ಕಡೆಯಿಂದ ಅವ್ವ ಕೇಳಿದಳು.

"ಹೊಸಬಳೇನವಾ? ಹೆಸರೇನು?"

"ಸುಗಂಧಿ."

"ಕಸ್ತೂರಿ ಎರಡು ಸೆಮಿಸ್ಟರ್ ಇದ್ಲು. ಚಲೋ ಹುಡುಗಿ. ಅಲ್ಲಿ ಥಂಡಿ ಭಾಳ, ಚಾದರ ಹೊತ್ಕೊಂಡು ಮಲ್ಕೋ."

"ಆಯ್ತವ್ವಾ."

ಫೋನ್ ಇಡುವ ಮೊದಲು ಅವ್ವ ಮತ್ತೊಂದು ಮಾತು ಸೇರಿಸಿದಳು.

"ನೀನೂ ಮುಂದ ಎಲ್ಲ್ಯರ ಹೋಗಾಕಿನ. ಅಲ್ಲಿ ಶಿವಗಂಗಾ ಅಂತ ಹುಡುಗಿ ಸಿಕ್ಕರ, ಉಂಡಿಯೇನು ಅಂತ ಕೇಳವಾ. ನಾ ಹಡದ ಮಗಳು ಅಕಿ."