ಬಾವುಟ ಹಾರಿಸಿದ ಮನೆ

ಬಾವುಟ ಕಂಡದ್ದೇ ತಡ, ಪ್ರವಾಸಿ ಹಡಗಿನಿಂದ ಇಳಿದ ಕೆಂಪು ಜಾಕೆಟ್ಟಿನ ಜನ ಬೊಲಾಟ್ಟೆಯ ಮನೆಯನ್ನು ಹೋಟೆಲೆಂದುಕೊಂಡು ಒಳಗೆ ನುಗ್ಗಿದರು. ಹುಟ್ಟುಹಬ್ಬದ ದಿನ ಬಾವುಟ ಹಾರಿಸಿ, ಬಾಗಿಲು ತೆರೆದಿಟ್ಟು, ಬಂದವರಿಗೆಲ್ಲ ಕಾಫಿ ಕೊಡುವುದು ಗ್ರೀನ್‌ಲ್ಯಾಂಡಿನ ಆ ಹಳ್ಳಿಯ ವಾಡಿಕೆ. ಬಂದವರನ್ನು ಯಾರೆಂದು ಕೇಳುವ ವಾಡಿಕೆಯಿಲ್ಲ. ಬೊಲಾಟ್ಟೆಯೂ ಕೇಳಲಿಲ್ಲ. ತನಗೆ ಎಪ್ಪತ್ತು ತುಂಬಿದ ದಿನ ಮುಖ ಗಂಟಿಕ್ಕುವುದು ಬೇಡವೆಂದು ಒಣದ್ರಾಕ್ಷಿ ಕೇಕು ಕೊಯ್ದು ಕೊಟ್ಟಳು.

ಮೇಜಿನ ನಡುವೆ ದೊಡ್ಡ ತಟ್ಟೆಯೊಂದು ಖಾಲಿ ಇತ್ತು. ಹಬ್ಬಕ್ಕೆ ತಿನ್ನುವ ಕೊಂಬಿನ ತಿಮಿಂಗಿಲದ ಹಸಿ ತೊಗಲಿಗೆಂದು ಇಟ್ಟದ್ದು. ಅದಿಲ್ಲದ ಹುಟ್ಟುಹಬ್ಬ ಅವಳ ನೆನಪಿನಲ್ಲೇ ಇರಲಿಲ್ಲ. ಬೇಟೆಗೆ ಹೋಗಿದ್ದ ಮಗ ಇನೂಟೆಕ್ ಬೆಳಿಗ್ಗೆ ಬರಿಗೈಯಲ್ಲಿ ಬಂದಿದ್ದ.

"ಒಂದೂ ಸಿಗ್ಲಿಲ್ವೇನೋ?" ಎಂದು ಅವಳು ಕೇಳಿದ್ದಳು.

"ಎಲ್ಲಿಂದ ಸಿಗತ್ತಮ್ಮಾ? ಆ ಹಡಗಿನ ಗುಡುಗುಡು ಕೇಳಿ ಕೊಲ್ಲಿನೇ ಬಿಟ್ಟು ಓಡಿವೆ. ಹೋದ ವಾರ ಒಂದು ಹಡಗು, ಈ ವಾರ ಇನ್ನೊಂದು."

ಈಗ ಅವಳ ತಂಗಿ ತಬಿತಾ ಬಾಗಿಲಲ್ಲಿ ಇಣುಕಿದಳು. ಅವಳ ಹಿಂದೆ ಊರಿನ ಜನ ಗಾಳಿಯಲ್ಲಿ ನಡುಗುತ್ತ ನಿಂತಿದ್ದರು.

"ಅಕ್ಕಾ, ಕೂರೋಕೆ ಜಾಗ ಇದ್ಯೇನೇ?"

"ತಡಿಯೇ, ಇವ್ರು ಏಳ್ಲಿ."

ಯಾರೂ ಏಳಲಿಲ್ಲ. ಹೊಸಬರು ಬಂದಾಗ ಮೊದಲಿನವರು ಲೋಟ ಕೆಳಗಿಟ್ಟು ಎದ್ದು ಹೋಗಬೇಕು. ಊರಿನ ಮಕ್ಕಳಿಗೂ ಗೊತ್ತಿರುವ ಮಾತು. ಇವರು ಮಾತ್ರ ಜಾಕೆಟ್ ಬಿಚ್ಚಿ ಇನ್ನಷ್ಟು ಆರಾಮಾಗಿ ಕೂತರು. ಬೊಲಾಟ್ಟೆ ಇನ್ನೊಂದು ಕೇಕು ಕೊಯ್ದಳು.

ಕೊರಳಿಗೆ ದೊಡ್ಡ ಕ್ಯಾಮೆರಾ ತೂಗುಬಿಟ್ಟಿದ್ದ ಒಬ್ಬಾತ ಇನೂಟೆಕ್‌ಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ.

"ಅಮ್ಮಾ, ಕೊಂಬಿನ ತಿಮಿಂಗಿಲ ನೋಡೋಕಂತ್ಲೇ ಇವ್ರು ಇಷ್ಟು ದೂರ ಬಂದಿದ್ದಂತೆ. ಒಂದೂ ಕಾಣಿಸ್ಲಿಲ್ವಂತೆ. ಎಲ್ಲಿ ಹೋದ್ವು ಅಂತ ಕೇಳ್ತಿದಾರೆ."

ಬೊಲಾಟ್ಟೆ ಖಾಲಿ ತಟ್ಟೆಯನ್ನು ಒಮ್ಮೆ ನೋಡಿದಳು.

"ಹೇಳು. ನಮ್ಮಲ್ಲಿ ಹೊಸಬ್ರು ಬಂದ್ರೆ ಮೊದ್ಲಿದ್ದೋರು ಎದ್ದು ಹೋಗ್ತಾರೆ. ಅವೂ ಈ ಊರಿನವೇ ತಾನೇ."

ಇನೂಟೆಕ್ ಒಂದಕ್ಷರ ಬಿಡದೆ ಹೇಳಿದ.

"ಆಹಾ, ಎಂಥಾ ಒಳ್ಳೇ ಪದ್ಧತಿ!" ಎಂದು ಆತ ತಲೆದೂಗಿ, ಕಾಫಿಯ ಲೋಟ ಮತ್ತೆ ಮುಂದೆ ಚಾಚಿದ.

ಬೊಲಾಟ್ಟೆ ತುಂಬಿಸಿ ಕೊಟ್ಟಳು. ಆಮೇಲೆ ಹುಟ್ಟುಹಬ್ಬದ ಮಣಿಯುಡುಪಿನ ಮೇಲೆ ಕೋಟು ಹಾಕಿಕೊಂಡು, ಬೂಟು ಮೆಟ್ಟಿ, ಮನೆಯಿಂದ ಹೊರಗೆ ನಡೆದಳು.